ಉಂಗುರದ ಲೋಕದ ಕ್ವಿಜ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಜೆ.ಆರ್.ಆರ್. ಟೋಲ್ಕಿನ್ ‘ದ ಹಾಬಿಟ್’, ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಗಳಲ್ಲಿ ಕಟ್ಟಿದ ಮಿಡ್ಲ್ ಅರ್ತ್ ಎಂಬ ಕಲ್ಪನೆಯ ಲೋಕವನ್ನು ಓದಿದವರು, ತೆರೆಯ ಮೇಲೆ ನೋಡಿದವರು ಗುಂಪು ಕಟ್ಟಿಕೊಂಡು ಕ್ವಿಜ್ ನಡೆಸುತ್ತಿದ್ದಾರೆ. ಓದದವರಿಗೆ ಕತೆ ಇಷ್ಟು: ಶೈರ್ ಎಂಬ ನಾಡಿನ ಕುಳ್ಳ ಹಾಬಿಟ್ ಜನರಲ್ಲಿ ಒಬ್ಬನಾದ ಬಿಲ್ಬೋ ಕೈಗೆ, ಕತ್ತಲೆಯ ಒಡೆಯ ಸಾರಾನ್ ಮಾಡಿದ ಉಂಗುರ ಸಿಗುತ್ತದೆ. ಅದನ್ನು ನಾಶ ಮಾಡಲು ಬಿಲ್ಬೋನ ಬಂಧು ಫ್ರೋಡೋ ಹೊರಡುತ್ತಾನೆ, ಮಾಂತ್ರಿಕ ಗ್ಯಾಂಡಾಲ್ಫ್ ಅವನಿಗೆ ನೆರವಾಗುತ್ತಾನೆ. ನಡೆಸಿದ ಕಡೆಯೆಲ್ಲ ತಕರಾರೂ ಎದ್ದಿದೆ. ತಕರಾರು ಏಳುವುದು ಸಾಮಾನ್ಯವಾಗಿ ಉತ್ತರದಿಂದಲ್ಲ, ಪ್ರಶ್ನೆ ಬರೆದ ರೀತಿಯಿಂದ. ಹಾಗಾಗಿ ಉತ್ತರಗಳ ಜೊತೆಗೆ ಪ್ರಶ್ನೆ ಕಟ್ಟುವ ಕೆಲಸವನ್ನೂ ಸ್ವಲ್ಪ ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ‘ರಿವೆಂಡೆಲ್ ಹತ್ತಿರದ ಹೊಳೆಯನ್ನು ಫ್ರೋಡೋಗೆ ದಾಟಿಸಿದವರು ಯಾರು?’ ಎಂದು ಕೇಳಿದೆವು. ಒಂದು ತಂಡ ಅರ್ವೆನ್ ಅಂದಿತು, ಇನ್ನೊಂದು ಗ್ಲೋರ್‌ಫಿಂಡೆಲ್ ಅಂದಿತು. ಯಾರೂ ಪಟ್ಟು ಬಿಡಲಿಲ್ಲ. ಅಂಕ ಯಾರಿಗೆ ಸಲ್ಲಬೇಕಿತ್ತು?
(ವಿದ್ಯಾರ್ಥಿ ಬಳಗ, ಹಾಸನ)

ಉತ್ತರ: ಯಾರಿಗೂ ಕೊಡದೆ ಪ್ರಶ್ನೆಯನ್ನೇ ರದ್ದು ಮಾಡಬೇಕಿತ್ತು. ರಿವೆಂಡೆಲ್ ಎಂದರೆ ಎಲ್ಫ್ ಎಂಬ ಸಾವಿಲ್ಲದ ಜನರ ನೆಲೆ. ಎಲ್ರಾಂಡ್ ಅದರ ಒಡೆಯ, ಅರ್ವೆನ್ ಅವನ ಮಗಳು, ಗ್ಲೋರ್‌ಫಿಂಡೆಲ್ ಅಲ್ಲಿನ ಯೋಧ. ಪುಸ್ತಕದಲ್ಲಿ ಗ್ಲೋರ್‌ಫಿಂಡೆಲ್ ತನ್ನ ಬಿಳಿ ಕುದುರೆ ಅಸ್ಫಲೋತ್ ಮೇಲೆ ಫ್ರೋಡೋನನ್ನು ಕೂರಿಸುತ್ತಾನೆ. ಆದರೆ ಸಾರಾನ್ ಕಡೆಯ ಕಪ್ಪು ಸವಾರರು ಬೆನ್ನು ಹತ್ತಿದಾಗ ಹೊಳೆ ದಾಟುವ ಆ ಕುದುರೆಯ ಮೇಲಿರುವುದು ಫ್ರೋಡೋ ಒಬ್ಬನೇ. 2001ರ ಸಿನಿಮಾದಲ್ಲಿ ಅರ್ವೆನ್ ಅವನನ್ನು ಮುಂದೆ ಕೂರಿಸಿಕೊಂಡು ತಾನೇ ಕುದುರೆ ಓಡಿಸುತ್ತಾಳೆ. ಸಿನಿಮಾ ಲೆಕ್ಕದಲ್ಲಿ ಅರ್ವೆನ್ ಸರಿ. ಪುಸ್ತಕದ ಲೆಕ್ಕದಲ್ಲಿ ಗ್ಲೋರ್‌ಫಿಂಡೆಲ್ ಅಂದವರೂ ಪೂರ್ತಿ ಸರಿಯಲ್ಲ. ಆಮೇಲೆ ಬರುವ ಪ್ರವಾಹದ ಕತೆಯೂ ಹೀಗೇ. ಪುಸ್ತಕದಲ್ಲಿ ಹೊಳೆ ಉಕ್ಕುವುದು ಎಲ್ರಾಂಡ್ ಆಜ್ಞೆಯಿಂದ, ಅಲೆಗಳಿಗೆ ಬಿಳಿ ಕುದುರೆಗಳ ರೂಪ ಕೊಟ್ಟವನು ಗ್ಯಾಂಡಾಲ್ಫ್. ಸಿನಿಮಾದಲ್ಲಿ ಮಂತ್ರ ಹೇಳಿ ಹೊಳೆ ಉಕ್ಕಿಸುವವಳು ಅರ್ವೆನ್.

ಇದಕ್ಕೆ ಇರುವ ಮದ್ದು ಒಂದೇ. ಪ್ರತಿ ಪ್ರಶ್ನೆಯ ಮೊದಲ ಪದ ‘ಪುಸ್ತಕದಲ್ಲಿ’ ಅಥವಾ ‘ಸಿನಿಮಾದಲ್ಲಿ’ ಎಂದಿರಲಿ. ‘ಆರಂಭದಲ್ಲೇ ಹೇಳಿದ್ದೆವಲ್ಲ, ಎಲ್ಲಾ ಪುಸ್ತಕದಿಂದಲೇ’ ಅನ್ನುವುದು ಸಾಲದು. ಹನ್ನೆರಡನೇ ಪ್ರಶ್ನೆಯ ಹೊತ್ತಿಗೆ ಅದು ಯಾರ ತಲೆಯಲ್ಲೂ ಉಳಿದಿರುವುದಿಲ್ಲ.

ಪುಸ್ತಕಕ್ಕೂ ಸಿನಿಮಾಕ್ಕೂ ತಾಳೆಯಾಗದ, ಕ್ವಿಜ್‌ಗಳಲ್ಲಿ ಮತ್ತೆಮತ್ತೆ ಎಡವಿಸುವ ಜಾಗಗಳು ಇನ್ನೂ ಇವೆ. ಹೆಲ್ಮ್ಸ್ ಡೀಪ್ ಕೋಟೆಯ ಕಾಳಗಕ್ಕೆ ಎಲ್ಫ್‌ಗಳ ಸೈನ್ಯ ಬರುವುದು ಸಿನಿಮಾದಲ್ಲಿ ಮಾತ್ರ. ಫರಾಮಿರ್ ಫ್ರೋಡೋನನ್ನು ಆಸ್ಗಿಲಿಯಾತ್‌ಗೆ ಎಳೆದುಕೊಂಡು ಹೋಗುವುದೂ, ಮೆಟ್ಟಿಲುಗಳ ಮೇಲೆ ಫ್ರೋಡೋ ತನ್ನ ಜೊತೆಗಾರ ಸ್ಯಾಮ್‌ನನ್ನು ಮನೆಗೆ ಹೋಗೆಂದು ಕಳಿಸುವುದೂ ಪುಸ್ತಕದಲ್ಲಿಲ್ಲ. ಮುರಿದ ಕತ್ತಿ ನಾರ್ಸಿಲ್ ಮರಳಿ ಕೂಡಿ ಆಂಡುರಿಲ್ ಆಗುವುದು ಪುಸ್ತಕದಲ್ಲಿ ತಂಡ ರಿವೆಂಡೆಲ್ ಬಿಡುವ ಮೊದಲೇ. ಸಿನಿಮಾದಲ್ಲಿ ಅದು ರಾಜವಂಶದ ಅರಗಾರ್ನ್ ಕೈಸೇರುವುದು ಮೂರನೆಯ ಭಾಗದಲ್ಲಿ. ದಾರಿ ತಪ್ಪಿದ ಮಾಂತ್ರಿಕ ಸರುಮಾನ್ ಸಾಯುವ ಜಾಗವೂ ಬೇರೆ. ಪುಸ್ತಕದಲ್ಲಿ ಶೈರ್‌ಗೆ ಬಂದು, ಫ್ರೋಡೋನ ಮನೆ ಬ್ಯಾಗ್ ಎಂಡ್ ಬಾಗಿಲಲ್ಲಿ ತನ್ನ ಸೇವಕ ಗ್ರೀಮಾ ಕೈಯಲ್ಲಿ ಸಾಯುತ್ತಾನೆ. ಸಿನಿಮಾದ ದೀರ್ಘ ಆವೃತ್ತಿಯಲ್ಲಿ ಕೊಲ್ಲುವವನು ಅದೇ ಗ್ರೀಮಾ, ಆದರೆ ಜಾಗ ಆರ್ಥ್ಯಾಂಕ್ ಗೋಪುರದ ತುದಿ. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ಬಿಲ್ಬೋನ 111ನೇ ಹುಟ್ಟುಹಬ್ಬದ ಊಟಕ್ಕೂ ಫ್ರೋಡೋ ಉಂಗುರ ಹೊತ್ತು ಊರು ಬಿಡುವುದಕ್ಕೂ ನಡುವೆ ಪುಸ್ತಕದಲ್ಲಿ 17 ವರ್ಷ ಕಳೆಯುತ್ತದೆ. 33ರ ಹುಡುಗ 50ಕ್ಕೆ ಕಾಲಿಟ್ಟಿರುತ್ತಾನೆ. ಸಿನಿಮಾ ನೋಡಿದವರಿಗೆ ಅದು ಕೆಲವೇ ತಿಂಗಳು ಅನಿಸುತ್ತದೆ.

ಪ್ರಶ್ನೆ: ಸಿನಿಮಾ ಬಿಟ್ಟು ಬರೀ ಪುಸ್ತಕಗಳಿಗೆ ಅಂಟಿಕೊಂಡರೂ ಜಗಳ ತಪ್ಪಿಲ್ಲ. ‘ಗಿಲ್-ಗಲಾಡ್ ತಂದೆ ಯಾರು?’ ಎಂದದ್ದಕ್ಕೆ ಎರಡು ಉತ್ತರ ಬಂತು. ಎರಡಕ್ಕೂ ಪುಟ ತೋರಿಸಿದರು!
(ಓದುಗರ ಕೂಟ, ಮೂಡಿಗೆರೆ)

ಉತ್ತರ: ಪುಟ ತೋರಿಸಿದ ಇಬ್ಬರನ್ನೂ ಮೆಚ್ಚಬೇಕು. ‘ದ ಸಿಲ್ಮರಿಲಿಯನ್’ ಲೇಖಕ ತೀರಿಕೊಂಡ ನಾಲ್ಕು ವರ್ಷಕ್ಕೆ, 1977ರಲ್ಲಿ ಬಂದ ಪುಸ್ತಕ. ಹಸ್ತಪ್ರತಿಗಳನ್ನು ಜೋಡಿಸಿದವರು ಮಗ ಕ್ರಿಸ್ಟೋಫರ್. ಅದರಲ್ಲಿ ಎಲ್ಫ್ ದೊರೆ ಗಿಲ್-ಗಲಾಡ್ ಫಿಂಗೋನ್ ಮಗ. ಆದರೆ ಹನ್ನೆರಡು ಸಂಪುಟಗಳ ಹಸ್ತಪ್ರತಿ ಮಾಲೆಯ ಕೊನೆಯ ಸಂಪುಟದಲ್ಲಿ, 1996ರಲ್ಲಿ, ಅದು ತಮ್ಮಿಂದಾದ ತಪ್ಪೆಂದೂ ತಂದೆಯ ಕೊನೆಯ ಬರಹಗಳ ಪ್ರಕಾರ ಅವನು ಒರೊಡ್ರೆತ್ ಮಗನೆಂದೂ ಕ್ರಿಸ್ಟೋಫರ್ ಅವರೇ ಬರೆದರು.

ಈ ಲೋಕ ಒಂದೇ ಏಟಿಗೆ ಬರೆದು ಮುಗಿಸಿದ್ದಲ್ಲ. ಆದ್ದರಿಂದ ಆಕರಗಳಿಗೆ ಮೆಟ್ಟಿಲು ಹಾಕಿಕೊಳ್ಳಿ. ಮೊದಲ ಮೆಟ್ಟಿಲಲ್ಲಿ ಲೇಖಕ ಬದುಕಿದ್ದಾಗಲೇ ಅಚ್ಚಾದ ‘ದ ಹಾಬಿಟ್’ (1937) ಮತ್ತು ‘ದ ಲಾರ್ಡ್ ಆಫ್ ದ ರಿಂಗ್ಸ್’ (1954–55), ಅನುಬಂಧಗಳೂ ಸೇರಿ. ಎರಡನೆಯದರಲ್ಲಿ 1977ರ ಪುಸ್ತಕ. ಮೂರನೆಯದರಲ್ಲಿ 1980ರ ‘ಅನ್‌ಫಿನಿಶ್ಡ್ ಟೇಲ್ಸ್’ ಮತ್ತು ಆ ಹನ್ನೆರಡು ಸಂಪುಟ. ಊರ ಕ್ವಿಜ್‌ಗೆ ಮೊದಲ ಮೆಟ್ಟಿಲು ಸಾಕು. ಎರಡನೆಯದನ್ನು ಸೇರಿಸುವುದಾದರೆ ಒಂದು ತಿಂಗಳು ಮೊದಲೇ ತಂಡಗಳಿಗೆ ತಿಳಿಸಿ. ಮೂರನೆಯದರಿಂದ ಕೇಳಲೇಬೇಕೆಂದರೆ ಆಕರದ ಹೆಸರನ್ನು ಪ್ರಶ್ನೆಯೊಳಗೇ ಬರೆಯಿರಿ. ನೀಲಿ ಮಾಂತ್ರಿಕರಿಬ್ಬರ ಹೆಸರು ಅದಕ್ಕೆ ಒಳ್ಳೆಯ ಉದಾಹರಣೆ. 1980ರ ಪುಸ್ತಕದಲ್ಲಿ ಅಲತಾರ್, ಪಲ್ಲಾಂಡೊ. ಬೇರೊಂದು ಬರಹದಲ್ಲಿ ಮೊರಿನೆಹ್ತಾರ್, ರೋಮೆಸ್ತಾಮೊ. ಆಕರ ಹೇಳದೆ ಕೇಳಿದರೆ ಹೆಚ್ಚು ಓದಿದವರಿಗೇ ಶಿಕ್ಷೆ ಕೊಟ್ಟಂತೆ.

ಮೊದಲ ಮೆಟ್ಟಿಲಿನಲ್ಲೂ ಮುದ್ರಣದ ವ್ಯತ್ಯಾಸ ಉಂಟು. 1937ರ ‘ಹಾಬಿಟ್’ನಲ್ಲಿ ಗುಹೆಯಲ್ಲಿ ಉಂಗುರ ಇಟ್ಟುಕೊಂಡಿದ್ದ ಗೊಲ್ಲಮ್, ಬಿಲ್ಬೋ ಜೊತೆಗಿನ ಒಗಟಿನಾಟದಲ್ಲಿ ಸೋತರೆ ಉಂಗುರವನ್ನೇ ಉಡುಗೊರೆಯಾಗಿ ಕೊಡುತ್ತೇನೆಂದು ಒಪ್ಪಿರುತ್ತಾನೆ. ಅದು ಸಿಗದಾಗ ಬಿಲ್ಬೋಗೆ ಹೊರದಾರಿ ತೋರಿಸುತ್ತಾನೆ. ಉಂಗುರದ ದೊಡ್ಡ ಕತೆ ಬರೆಯುತ್ತಾ ಹೋದಂತೆ ಇದು ಹೊಂದಲಿಲ್ಲ. ಅಷ್ಟು ಮೋಹದ ಉಂಗುರವನ್ನು ಯಾರಾದರೂ ಕೈಯೆತ್ತಿ ಕೊಡುತ್ತಾರೆಯೇ? 1951ರ ಮುದ್ರಣದಲ್ಲಿ ಆ ಅಧ್ಯಾಯವನ್ನು ತಿದ್ದಲಾಯಿತು. ಹಳೆಯ ಪಾಠವನ್ನು ಬಿಲ್ಬೋ ಹೇಳಿದ ಸುಳ್ಳು ಎಂದು ಕತೆಯೊಳಗೇ ಅರಗಿಸಿಕೊಂಡದ್ದು ಈ ಲೋಕದ ಅತ್ಯಂತ ಜಾಣ ಕಟ್ಟುಗಳಲ್ಲಿ ಒಂದು. ಇದರ ಮೇಲೆ ಒಂದು ಪ್ರಶ್ನೆ ಇಡಿ, ಓದಿದವರ ಮುಖ ಅರಳುತ್ತದೆ.

ಬೆಂಕಿ, ನೆರಳಿನ ರಾಕ್ಷಸ ಬಾಲ್ರಾಗ್‌ಗೆ ರೆಕ್ಕೆ ಇದೆಯೇ ಎಂಬುದನ್ನು ಮಾತ್ರ ಕ್ವಿಜ್‌ಗೆ ತರಬೇಡಿ. ಮೋರಿಯಾ ಸೇತುವೆಯ ಅಧ್ಯಾಯದಲ್ಲಿ ಮೊದಲು ಅದರ ನೆರಳು ಎರಡು ದೊಡ್ಡ ರೆಕ್ಕೆಗಳ ಹಾಗೆ ಚಾಚಿತು ಎಂದಿದೆ. ಸ್ವಲ್ಪ ಮುಂದೆ, ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವು ಎಂದಿದೆ. ಹೋಲಿಕೆಯೋ ನಿಜವಾದ ರೆಕ್ಕೆಯೋ, ಓದುವವರ ಪಾಲಿಗೆ ಬಿಟ್ಟದ್ದು. ಅದು ಊಟದ ನಂತರದ ಚರ್ಚೆಗೆ ಇರಲಿ.

ಪ್ರಶ್ನೆ: ನಮ್ಮ ಪ್ರಶ್ನೆಗಳು ಒಂದೋ ಎಲ್ಲರಿಗೂ ಗೊತ್ತಿರುತ್ತವೆ, ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ನಡುವಿನ ಹದ ಹಿಡಿಯುವುದು ಹೇಗೆ?
(ಗ್ರಂಥಾಲಯದ ಗೆಳೆಯರು, ಚಿಕ್ಕಮಗಳೂರು)

ಉತ್ತರ: ಯಾರಿಗೂ ಗೊತ್ತಿಲ್ಲದ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ದಾರಿ ಇರುತ್ತದೆ: ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಳ್ಳೆಯ ಪ್ರಶ್ನೆಗೆ ಕನಿಷ್ಠ ಎರಡು ದಾರಿ ಬೇಕು. ‘ಗ್ಯಾಂಡಾಲ್ಫ್ ಉಂಗುರದ ಹೆಸರೇನು?’ ಎಂದರೆ ಬರೀ ನೆನಪಿನ ಪರೀಕ್ಷೆ. ಹೀಗೆ ಕೇಳಿ ನೋಡಿ: ‘ಪುಸ್ತಕದಲ್ಲಿ, ಎಲ್ಫ್‌ಗಳ ಮೂರು ಉಂಗುರಗಳಲ್ಲಿ ಒಂದು ಬೆಂಕಿಯದು, ಒಂದು ನೀರಿನದು, ಒಂದು ಗಾಳಿಯದು. ಬೆಂಕಿಯ ಉಂಗುರವನ್ನು ಹಡಗುಕಟ್ಟೆಯ ಒಡೆಯ ಕೀರ್ದಾನ್, ಆಗತಾನೇ ದಡಕ್ಕೆ ಇಳಿದ ಒಬ್ಬ ಮುದುಕನಿಗೆ ಕೊಟ್ಟ. ಯಾರಿಗೆ?’ ನಾರ್ಯ ಎಂಬ ಹೆಸರು ಮರೆತವರೂ ಉಳಿದೆರಡು ಉಂಗುರ ಎಲ್ರಾಂಡ್ ಮತ್ತು ಗಲಾಡ್ರಿಯೆಲ್ ಬಳಿ ಇವೆ ಎಂಬುದರಿಂದ ಆರಂಭಿಸಿ, ಪಟಾಕಿ ಸುಡುವ ಮಾಂತ್ರಿಕನವರೆಗೆ ಬರಬಲ್ಲರು.

ಇನ್ನೂ ಮೇಲಿನ ಹಂತಕ್ಕೆ ಕಾರಣ ಕೇಳಿ. ಪೆಲೆನ್ನೋರ್ ಬಯಲಿನಲ್ಲಿ ಕಪ್ಪು ಸವಾರರ ನಾಯಕ ವಿಚ್-ಕಿಂಗ್ ಬಿದ್ದ ಪ್ರಸಂಗ ತೆಗೆದುಕೊಳ್ಳಿ. ‘ಅವನನ್ನು ಕೊಂದವರು ಯಾರು?’ ಎಂಬುದು ಕೆಟ್ಟ ಪ್ರಶ್ನೆ. ಹಾಬಿಟ್ ಮೆರ್ರಿ ಹಿಂದಿನಿಂದ ಮೊಣಕಾಲಿಗೆ ಇರಿದ, ಇಯೋವಿನ್ ಎಂಬ ಯೋಧೆ ಅವನ ಕಿರೀಟಕ್ಕೂ ಮೇಲಂಗಿಗೂ ನಡುವೆ ಕತ್ತಿ ಹಾಕಿದಳು. ಇಬ್ಬರ ಹೆಸರೂ ಬರುತ್ತದೆ. ‘ಮೆರ್ರಿಯ ಕತ್ತಿಯೇ ಆ ಕೆಲಸಕ್ಕೆ ತಕ್ಕದ್ದಾಗಿದ್ದು ಏಕೆ?’ ಎಂದು ಕೇಳಿ. ಆ ಕತ್ತಿ ಬ್ಯಾರೋ-ಡೌನ್ಸ್ ಸಮಾಧಿದಿಬ್ಬದಲ್ಲಿ ಟಾಮ್ ಬಾಂಬಡಿಲ್ ಎತ್ತಿಕೊಟ್ಟದ್ದು. ಹಿಂದೆ ಅದನ್ನು ಬಡಿದವರು ಉತ್ತರ ರಾಜ್ಯದವರು, ಅಂಗ್ಮಾರ್ ಜೊತೆ ಯುದ್ಧದಲ್ಲಿದ್ದ ಕಾಲದಲ್ಲಿ. ಅಂಗ್ಮಾರ್‌ನ ಒಡೆಯನೇ ಈ ವಿಚ್-ಕಿಂಗ್. ಸಮಾಧಿಯ ಅಧ್ಯಾಯವನ್ನು ಹಾರಿಸಿ ಓದಿದವರಿಗೆ ಇದು ಹೊಳೆಯುವುದಿಲ್ಲ, ಸಿನಿಮಾ ಮಾತ್ರ ನೋಡಿದವರಿಗೆ ಬಾಂಬಡಿಲ್ ಎಂಬಾತನೇ ಗೊತ್ತಿರುವುದಿಲ್ಲ. ಮೊದಲ ಸಂಪುಟದ ಬೀಜ ಮೂರನೆಯ ಸಂಪುಟದಲ್ಲಿ ಮೊಳೆಯುವ ಇಂಥ ಎಳೆಗಳನ್ನು ಹಿಡಿದವರಿಗೇ ದೊಡ್ಡ ಅಂಕ ಸಲ್ಲಬೇಕು.

ಅಂಕಿ ಕೇಳುವಾಗ ಎರಡು ಸಲ ಯೋಚಿಸಿ. ‘ಯುದ್ಧದ ಕಾಲಕ್ಕೆ ಅರಗಾರ್ನ್ ವಯಸ್ಸೆಷ್ಟು?’ ಎಂದರೆ 87 ಸರಿ, 88ಊ ಸರಿ. ಅವನು ಹುಟ್ಟಿದ್ದು ಮೂರನೇ ಯುಗದ 2931ರ ಮಾರ್ಚ್ 1ರಂದು, ಉಂಗುರ ಕರಗಿದ್ದು 3019ರ ಮಾರ್ಚ್ 25ರಂದು. ‘ಶಕ್ತಿಯ ಉಂಗುರಗಳು ಎಷ್ಟು?’ ಎಂದರೆ 3, 7, 9 ಕೂಡಿ 19 ಎನ್ನುವವರೂ, ಒಡೆಯನ ಒಂದನ್ನು ಸೇರಿಸಿ 20 ಎನ್ನುವವರೂ ಸಿಗುತ್ತಾರೆ. ಆದರೆ ಲೆಕ್ಕ ಹಾಕಿ ಮುಟ್ಟಬಹುದಾದ ಅಂಕಿ ಚೆನ್ನ. ಶೈರ್ ಪಂಚಾಂಗದಲ್ಲಿ ಎಲ್ಲಾ 12 ತಿಂಗಳಿಗೂ 30 ದಿನವೇ. ‘ಉಳಿದ 5 ದಿನ ಎಲ್ಲಿ ಹೋದವು?’ ಯೂಲ್ ಎರಡು, ಲೈತ್ ಎರಡು, ಇವೆರಡು ಲೈತ್ ನಡುವೆ ನಡುವರ್ಷದ ದಿನ ಒಂದು. ಅಧಿಕ ವರ್ಷದಲ್ಲಿ ಅದರ ಪಕ್ಕಕ್ಕೆ ಇನ್ನೊಂದು. ನಡುವರ್ಷದ ದಿನಕ್ಕೂ ಆ ಹೆಚ್ಚುವರಿ ದಿನಕ್ಕೂ ವಾರದ ಹೆಸರೇ ಇಲ್ಲ. ಅದರಿಂದ ಏನಾಗುತ್ತದೆ ಎಂದು ಮುಂದಿನ ಪ್ರಶ್ನೆ ಎಸೆಯಿರಿ: ಪ್ರತಿ ವರ್ಷವೂ ಅದೇ ವಾರದಿಂದ ಶುರುವಾಗುತ್ತದೆ. ಅನುಬಂಧ ಓದದವರೂ 365ರಲ್ಲಿ 1 ಕಳೆದು 7ರಿಂದ ಭಾಗಿಸಿ ಹೇಳಬಹುದು.

ಪ್ರಮಾಣಕ್ಕೆ ಬಂದರೆ, 30 ಪ್ರಶ್ನೆಯ ಕ್ವಿಜ್‌ನಲ್ಲಿ 10 ಸುಲಭ, 14 ನಡುವಿನವು, 6 ಕಠಿಣ ಇರಲಿ. ಹಿಂದಿನ ದಿನ, ಭಾಗವಹಿಸದ ಇಬ್ಬರಿಗೆ ಎಲ್ಲವನ್ನೂ ಓದಿ ಹೇಳಿ. ಒಬ್ಬರು ಪುಸ್ತಕ ಓದಿದವರಾಗಿರಲಿ, ಇನ್ನೊಬ್ಬರು ಸಿನಿಮಾ ಮಾತ್ರ ನೋಡಿದವರು. ಓದಿದವರಿಗೂ ಅರ್ಧ ನಿಮಿಷದಲ್ಲಿ ಉತ್ತರದ ಸುಳಿವು ಹತ್ತದಿದ್ದರೆ ಆ ಪ್ರಶ್ನೆ ತೆಗೆದುಬಿಡಿ. ಇಬ್ಬರೂ ಪೂರ್ತಿ ಕೇಳುವ ಮೊದಲೇ ಹೇಳಿದರೆ ಅದು ಸುಲಭದ ಹತ್ತರಲ್ಲಿ ಸೇರಲಿ.

ಪ್ರಶ್ನೆ: ಉತ್ತರ ತಪ್ಪಾದ ಮೇಲೆ ‘ಪ್ರಶ್ನೆಯೇ ಸರಿಯಿಲ್ಲ’ ಎಂದು ತಕರಾರು ತೆಗೆಯುವವರಿಗೆ ಏನು ಹೇಳಬೇಕು?
(ಕ್ವಿಜ್ ನಡೆಸುವವರೊಬ್ಬರು, ಸಕಲೇಶಪುರ)

ಉತ್ತರ: ಈ ಲೋಕದಲ್ಲೇ ಇದಕ್ಕೊಂದು ತೀರ್ಪು ಇದೆ, ಅದನ್ನೇ ನಿಯಮ ಮಾಡಿಕೊಳ್ಳಿ. ‘ಹಾಬಿಟ್’ನ ಐದನೇ ಅಧ್ಯಾಯದಲ್ಲಿ ಬಿಲ್ಬೋ, ಗೊಲ್ಲಮ್ ಒಬ್ಬರಿಗೊಬ್ಬರು ಒಂಬತ್ತು ಒಗಟು ಹಾಕುತ್ತಾರೆ. ಗೊಲ್ಲಮ್‌ನವು ಬೆಟ್ಟ, ಗಾಳಿ, ಕತ್ತಲೆ, ಮೀನು, ಕಾಲ. ಬಿಲ್ಬೋನವು ಹಲ್ಲು, ಡೇಸಿ ಹೂಗಳ ಮೇಲಿನ ಬಿಸಿಲು, ಮೊಟ್ಟೆ, ಇನ್ನೊಂದು ಕಾಲಿಲ್ಲದ್ದು-ಒಂಟಿಕಾಲಿನದು-ಎರಡು ಕಾಲಿನದರ ಲೆಕ್ಕ. ಹತ್ತನೆಯದಾಗಿ ಬಿಲ್ಬೋ ‘ನನ್ನ ಜೇಬಲ್ಲಿ ಏನಿದೆ?’ ಅನ್ನುತ್ತಾನೆ. ಅದು ಒಗಟೇ ಅಲ್ಲ. ಗೊಲ್ಲಮ್ ಮೊದಲು ಅನ್ಯಾಯ ಎಂದು ಗೊಣಗುತ್ತಾನೆ, ಆಮೇಲೆ ಮೂರು ಅವಕಾಶ ಕೇಳಿ ಪಡೆಯುತ್ತಾನೆ. ಕೈ ಎನ್ನುತ್ತಾನೆ, ಬಿಲ್ಬೋ ಅದೇ ಕ್ಷಣಕ್ಕೆ ಮುಂಚೆ ಕೈ ಹೊರಗೆ ತೆಗೆದಿರುತ್ತಾನೆ. ಚಾಕು ಎನ್ನುತ್ತಾನೆ. ಕೊನೆಗೆ ದಾರ ಅಥವಾ ಏನೂ ಇಲ್ಲ ಎಂದು ಒಂದೇ ಅವಕಾಶದಲ್ಲಿ ಎರಡನ್ನು ತುರುಕುತ್ತಾನೆ. ‘ಲಾರ್ಡ್ ಆಫ್ ದ ರಿಂಗ್ಸ್’ ಪೀಠಿಕೆ ಈ ವ್ಯಾಜ್ಯವನ್ನು ಹೀಗೆ ಬಗೆಹರಿಸುತ್ತದೆ: ಅದು ಆಟದ ನಿಯಮಕ್ಕೆ ಒಳಪಟ್ಟ ಒಗಟು ಹೌದೋ ಅಲ್ಲವೋ ಎಂಬ ಬಗ್ಗೆ ಬಲ್ಲವರಲ್ಲಿ ಭಿನ್ನಮತ ಉಂಟು, ಆದರೆ ಒಪ್ಪಿಕೊಂಡು ಊಹಿಸಲು ಹೊರಟ ಮೇಲೆ ಗೊಲ್ಲಮ್ ಮಾತಿಗೆ ಬದ್ಧ.

ಅದರಂತೆ, ಆಕ್ಷೇಪ ಇದ್ದರೆ ಪ್ರಶ್ನೆ ಓದಿದ 20 ಸೆಕೆಂಡಿನೊಳಗೆ ಕೈ ಎತ್ತಬೇಕು. ಉತ್ತರಕ್ಕೆ ಬಾಯಿ ತೆರೆದರೆ ಪ್ರಶ್ನೆ ಒಪ್ಪಿದಂತೆ. ಪ್ರಶ್ನೆ ಬರೆದವರು ತೀರ್ಪುಗಾರರಾಗಬಾರದು. ಆ ಕೆಲಸಕ್ಕೆ ಬೇರೊಬ್ಬರು, ಅವರ ಮುಂದೆ ಪುಸ್ತಕ, ಪ್ರತಿ ಪ್ರಶ್ನೆಯ ಸಂಖ್ಯೆ ಬರೆದ ಚೀಟಿ ಆಯಾ ಪುಟದಲ್ಲಿ. ಪುಟ ಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುವುದರಿಂದ ಅಧ್ಯಾಯದ ಹೆಸರನ್ನು ಗುರುತು ಮಾಡಿಕೊಳ್ಳಿ.

ಸಮಯ ಬೇಕಿದ್ದರೆ ಬಾಯಲ್ಲಿ ಕೇಳಬಾರದು, ಕಾರ್ಡ್ ಎತ್ತಬೇಕು ಎಂಬ ನಿಯಮವೂ ಇರಲಿ. ಅದೇ ಅಧ್ಯಾಯದಲ್ಲಿ ಬಿಲ್ಬೋ ಇನ್ನಷ್ಟು ಕಾಲ ಕೊಡು ಎಂದು ಕೂಗಹೋಗಿ ‘ಕಾಲ, ಕಾಲ’ ಎಂದಷ್ಟೇ ಹೊರಬಂದು, ಅದೇ ಸರಿಯುತ್ತರವಾಗಿಬಿಡುತ್ತದೆ!

ಪ್ರಶ್ನೆ: ಲಿಖಿತ ಸುತ್ತಿನಲ್ಲಿ ಕನ್ನಡದಲ್ಲಿ ಹೆಸರು ಬರೆದರೆ ಕಾಗುಣಿತ ಎಷ್ಟು ಕಟ್ಟುನಿಟ್ಟು?
(ಓದುಗರು, ಅರಸೀಕೆರೆ)

ಉತ್ತರ: ವ್ಯಕ್ತಿ ಯಾರೆಂದು ಅನುಮಾನವಿಲ್ಲದೆ ತಿಳಿದರೆ ಅಂಕ ಕೊಡಿ. ಸೆಲೆಬಾರ್ನ್ ಎಂದರೂ ಕೆಲೆಬೋರ್ನ್ ಎಂದರೂ ಒಬ್ಬನೇ. ಲೇಖಕರ ನಿಯಮದಂತೆ ಎರಡನೆಯ ಉಚ್ಚಾರವೇ ಸರಿ, ಆದರೆ ಅದಕ್ಕಾಗಿ ಅಂಕ ಕಳೆಯಬೇಡಿ. ಒಂದಕ್ಷರದಲ್ಲಿ ಆಳು ಬದಲಾಗುವ ಕಡೆ ಮಾತ್ರ ಬಿಗಿಯಾಗಿರಿ. ಥಿಯೋಡೆನ್ ದೊರೆ, ಥಿಯೋಡ್ರೆಡ್ ಅವನ ಮಗ. ಇಯೋಮುಂಡ್ ತಂದೆ, ಇಯೋಮರ್ ಮಗ. ಸಾರಾನ್, ಸರುಮಾನ್ ಗೊಂದಲವಂತೂ ಎಲ್ಲ ಕ್ವಿಜ್‌ನಲ್ಲೂ ಇದ್ದದ್ದೇ.

ಪ್ರಶ್ನೆ: ನಮ್ಮದು ಗಮಕ ಕೇಳುವ ಹಿರಿಯರ ಗುಂಪು. ಮೊಮ್ಮಕ್ಕಳ ಕ್ವಿಜ್ ನೋಡಿ ಜೈಮಿನಿ ಭಾರತದ ಮೇಲೆ ನಾವೂ ಒಂದು ಇಟ್ಟುಕೊಳ್ಳೋಣ ಅನ್ನಿಸಿದೆ. ಈ ನಿಯಮ ಅದಕ್ಕೂ ನಡೆಯುತ್ತದೆಯೇ?
(ಕಡೂರು)

ಉತ್ತರ: ಖಂಡಿತ ನಡೆಯುತ್ತದೆ, ಅದನ್ನು ಬರೆದ ಲಕ್ಷ್ಮೀಶನ ದೇವನೂರು ನಿಮ್ಮ ತಾಲ್ಲೂಕಿನದೇ ಆದ್ದರಿಂದ ನೀವು ಮಾಡಲೇಬೇಕು. ಆಕರ ಹೇಳುವ ನಿಯಮ ಇಲ್ಲಿ ಇನ್ನೂ ಮುಖ್ಯ. ‘ದ್ರೌಪದಿಗೆ ಎಷ್ಟು ಗಂಡಂದಿರು?’ ಎಂದು ಬರಿದೆ ಕೇಳಿದರೆ ಪಂಪನನ್ನು ಓದಿದವರು ‘ಅರ್ಜುನ ಒಬ್ಬನೇ’ ಎಂದಾರು, ಅವನ ‘ವಿಕ್ರಮಾರ್ಜುನ ವಿಜಯ’ದ ಪ್ರಕಾರ ಅದು ಸರಿ. ಕುಮಾರವ್ಯಾಸ ಗದಾಪರ್ವಕ್ಕೆ, ಹತ್ತು ಪರ್ವಕ್ಕೆ ನಿಲ್ಲಿಸಿದ್ದಾನೆ. ಅಶ್ವಮೇಧದ ಕುದುರೆಯ ಕತೆಯನ್ನು ಅವನ ಹೆಸರಲ್ಲಿ ಕೇಳಿದರೆ ಪ್ರಶ್ನೆಯೇ ಬಿದ್ದುಹೋಗುತ್ತದೆ. ಸುಧನ್ವ, ಚಂದ್ರಹಾಸ ಜೈಮಿನಿಯ ದಾರಿಯಲ್ಲಿ ಬರುವವರು, ವ್ಯಾಸರ ಅಶ್ವಮೇಧಿಕ ಪರ್ವದಲ್ಲಿಲ್ಲ. ಬಭ್ರುವಾಹನ ಎರಡರಲ್ಲೂ ಇದ್ದಾನೆ. ‘ಇಬ್ಬರಲ್ಲೂ ಇರುವ ಪ್ರಸಂಗ ಯಾವುದು?’ ಎಂಬುದೇ ಒಂದು ಚೆಂದದ ಕಠಿಣ ಪ್ರಶ್ನೆ.

ಕಾರಣ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಬರವಿಲ್ಲ. ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿದ್ದು ಅವನ ತಂದೆ ಹಂಸಧ್ವಜನೇ. ಯಾಕೆ? ಯುದ್ಧಕ್ಕೆ ತಡವಾಗಿ ಬಂದದ್ದಕ್ಕೆ. ಮಗ ಬಭ್ರುವಾಹನನ ಕೈಯಲ್ಲಿ ಅರ್ಜುನ ಬಿದ್ದಾಗ ಅವನ ಜೊತೆ ಸತ್ತ ಕರ್ಣನ ಮಗ ಯಾರು? ವೃಷಕೇತು. ಹಳೇಬೀಡಿನ ಗೋಡೆಯ ಶಿಲ್ಪಗಳ ಚಿತ್ರ ತೋರಿಸಿ ಒಂದು ಸುತ್ತು ಮಾಡಬಹುದು, ಅಲ್ಲಿ ಚಕ್ರವ್ಯೂಹದ ಅಭಿಮನ್ಯು, ಕೈಲಾಸ ಎತ್ತುವ ರಾವಣ ಇದ್ದಾರೆ. ಆ ಸುತ್ತನ್ನು ಲಕ್ಷ್ಮೀಶನಿಗೆ ಗಂಟು ಹಾಕಬೇಡಿ, ಅವನು ಹೊಯ್ಸಳರ ಆ ಕೆತ್ತನೆಗಳಿಗಿಂತ ಎಷ್ಟೋ ಈಚಿನವನು.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಪ್ರೊಜೆಕ್ಟರ್ ಸುತ್ತು ನಿಂತೇಹೋಗುತ್ತದೆ. ಉಪಾಯ?
(ಕೊಪ್ಪ)

ಉತ್ತರ: ಚಿತ್ರದ ಸುತ್ತನ್ನು ಕಾಗದದಲ್ಲಿ ಮುದ್ರಿಸಿ ತಂಡಕ್ಕೊಂದು ಹಾಳೆ ಕೊಡಿ. ಒಂದು ಹಾಳೆಗೆ 8 ಚಿತ್ರ, 10 ನಿಮಿಷ. ಮಿಡ್ಲ್ ಅರ್ತ್ ಭೂಪಟದಲ್ಲಿ ಹೆಸರು ಅಳಿಸಿ ಜಾಗ ಗುರುತಿಸಲು ಹೇಳುವುದು ಇನ್ನೂ ಒಳ್ಳೆಯದು, ಸಿನಿಮಾ ನಟರ ಮುಖ ಗೊತ್ತಿದ್ದವರಿಗೆ ಸಿಗುವ ಲಾಭ ಅಲ್ಲಿ ಇರುವುದಿಲ್ಲ.

ಪ್ರಶ್ನೆ: ಎರಡು ತಂಡ ಸಮ ಬಂದರೆ?
(ವಿದ್ಯಾರ್ಥಿ ಬಳಗ, ಹಾಸನ)

ಉತ್ತರ: ಐದು ಸುಳಿವಿನ ಒಂದೇ ಪ್ರಶ್ನೆ ಇಟ್ಟುಕೊಂಡಿರಿ. ಮೊದಲ ಸುಳಿವಿಗೇ ಹೇಳಿದರೆ 5 ಅಂಕ, ಐದನೆಯದಕ್ಕೆ 1. ಉದಾಹರಣೆಗೆ, ‘ಪುಸ್ತಕದಲ್ಲಿ ಇವನು ಯಾರು? ಪಶ್ಚಿಮದ ತವರಿನಲ್ಲಿ ಯೌವನದಲ್ಲಿ ಓಲೋರಿನ್. ದಕ್ಷಿಣದಲ್ಲಿ ಇಂಕಾನುಸ್. ಡ್ವಾರ್ಫ್‌ಗಳ ಬಾಯಲ್ಲಿ ಥಾರ್ಕುನ್. ಎಲ್ಫ್‌ಗಳಿಗೆ ಮಿಥ್ರಾಂದಿರ್. ಕೈಯಲ್ಲಿ ಗ್ಲಾಮ್‌ಡ್ರಿಂಗ್ ಎಂಬ ಕತ್ತಿ.’ ತಂಡಗಳು ಕೂಗದೆ ಚೀಟಿಯಲ್ಲಿ ಬರೆದು, ಎಷ್ಟನೇ ಸುಳಿವಿಗೆ ಎಂದು ನಮೂದಿಸಿ ಕೊಡಲಿ. ಒಂದೇ ಚೀಟಿ, ತಿದ್ದುವಂತಿಲ್ಲ, ತಪ್ಪಾದರೆ ಸೊನ್ನೆ. ಅದರಲ್ಲೂ ಸಮ ಬಂದರೆ ಬಹುಮಾನವನ್ನು ಇಬ್ಬರಿಗೂ ಹಂಚಿ.